ಮೊದಲು ಮಲಗುವ ಜಾಗ, ಆಮೇಲೆ ನೋಡುವ ಜಾಗ

ಊರಿಂದ ಯಾರೇ ಬರಲಿ, ಮೆಲ್ಬರ್ನಿನಲ್ಲಿ ನೆಲೆಸಿದ ಕನ್ನಡದವರಿಗೆ ಗ್ರೇಟ್ ಓಷನ್ ರೋಡ್ ತಪ್ಪಿದ್ದಲ್ಲ. ಬರುವವರು ವೀಸಾ ಕೈಸೇರುವ ಮೊದಲೇ ವಾಟ್ಸಾಪಿನಲ್ಲಿ ಟ್ವೆಲ್ವ್ ಅಪಾಸಲ್ಸ್ ಬಂಡೆಗಳ ಫೋಟೋ ಕಳಿಸಿ, "ಇದು ನಿಮ್ಮನೆಯಿಂದ ಎಷ್ಟು ದೂರ?" ಅಂತ ಕೇಳಿರುತ್ತಾರೆ. ದೂರವೇನೂ ಅಲ್ಲ. ಒಳನಾಡಿನ ಹೆದ್ದಾರಿ ಹಿಡಿದು ಕೊಲಾಕ್ ಮೇಲಿಂದ ಹೋದರೆ ಮೂರು ಗಂಟೆಯ ಆಸುಪಾಸು. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹೆಚ್ಚಿನವರು ಮಾಡುವುದೂ ಹಾಗೆಯೇ. ನಾನು ಮಾತ್ರ ಈಗ ಯಾರನ್ನೂ ಹಾಗೆ ಕರೆದೊಯ್ಯುವುದಿಲ್ಲ. ದಾರಿಯಲ್ಲಿ ಮೂರು ರಾತ್ರಿಯಾದರೂ ತಂಗಲು ಒಪ್ಪಿದವರಿಗಷ್ಟೇ ನಾನು ಡ್ರೈವರ್.

ಕಾರಣ ಇಷ್ಟೇ. ಬೆಳಿಗ್ಗೆ ಮೆಲ್ಬರ್ನ್ ಬಿಟ್ಟ ಪ್ರವಾಸಿ ಬಸ್ಸುಗಳು ಅಪಾಸಲ್ಸ್ ಹತ್ತಿರ ಬಂದು ನಿಲ್ಲುವಾಗ ಮಧ್ಯಾಹ್ನವಾಗಿರುತ್ತದೆ. ಆ ಹೊತ್ತಿಗೆ ಕಾರು ನಿಲ್ಲಿಸಲು ಜಾಗವಿಲ್ಲ, ಕಟಾಂಜನದ ಬಳಿ ಸೆಲ್ಫಿಯವರ ನೂಕುನುಗ್ಗಲು, ಬಿಸಿಲು ನೆತ್ತಿಯ ಮೇಲಿದ್ದು ಸುಣ್ಣಕಲ್ಲಿನ ಆ ಕಂಬಗಳು ಬಿಳಿಚಿಕೊಂಡಿರುತ್ತವೆ. ಬೆಳಿಗ್ಗೆ ಏಳಕ್ಕೋ, ಸಂಜೆ ಬಿಸಿಲು ಇಳಿದ ಮೇಲೋ ಹೋದರೆ ಅದೇ ಜಾಗಕ್ಕೆ ಬೇರೆ ಬಣ್ಣ. ಆ ಎರಡು ಹೊತ್ತು ಸಿಗುವುದು ಹತ್ತಿರದಲ್ಲೇ ಮಲಗಿ ಎದ್ದವರಿಗೆ. ಅದಕ್ಕೇ ನಾನು ಪ್ಲಾನ್ ಮಾಡುವಾಗ ಮಲಗುವ ಜಾಗಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳುತ್ತೇನೆ. ನೋಡುವುದೆಲ್ಲ ಅವುಗಳ ನಡುವೆ ತಾನಾಗಿ ಬಂದು ಕೂರುತ್ತದೆ.

ರಸ್ತೆ ಶುರುವಾಗುವುದು ಟಾರ್ಕೀಯಲ್ಲಿ, ಮುಗಿಯುವುದು ವಾರ್ನಂಬೂಲ್ ಹತ್ತಿರದ ಆಲನ್ಸ್‌ಫರ್ಡಿನಲ್ಲಿ. ಒಟ್ಟು 243 ಕಿಲೋಮೀಟರ್. ಮೈಸೂರು ಹೆದ್ದಾರಿಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇದು ಅರ್ಧ ದಿನದ ಮಾತು. ಆದರೆ ಲಾರ್ನ್‌ನಿಂದ ಅಪೊಲೊ ಬೇ ಊರಿಗೆ ಸುಮಾರು 45 ಕಿಲೋಮೀಟರ್ ಹೋಗಲು, ಎಲ್ಲೂ ನಿಲ್ಲಿಸದಿದ್ದರೂ, ಒಂದು ಗಂಟೆ ಹಿಡಿಯುತ್ತದೆ. ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಸಮುದ್ರ, ನಡುವೆ ಎರಡೇ ಲೇನು, ತಿರುವಿನ ಮೇಲೆ ತಿರುವು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ, ಸಿಡಿಮದ್ದು, ಕುದುರೆಗಾಡಿಗಳಿಂದ ಕಡಿದ ದಾರಿ ಇದು. ಯುದ್ಧದಲ್ಲಿ ಸತ್ತ ಜೊತೆಗಾರರಿಗೆ ಇಡೀ ರಸ್ತೆಯೇ ಸ್ಮಾರಕ. ಈಸ್ಟರ್ನ್ ವ್ಯೂನಲ್ಲಿ ರಸ್ತೆಗೆ ಅಡ್ಡಲಾಗಿ ನಿಂತಿರುವ ಮರದ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳುವವರಲ್ಲಿ ಅರ್ಧದಷ್ಟು ಜನಕ್ಕೆ ಇದು ಗೊತ್ತಿರುವುದಿಲ್ಲ. ನಮ್ಮ ನೆಂಟರ ಪೈಕಿ ಗಂಡಸರಿಗೆ ಇದಕ್ಕಿಂತ ಹಿಡಿಸುವುದು ಇನ್ನೊಂದು ಕಥೆ: 1924ರಲ್ಲಿ ಕ್ಯಾಸಿನೋ ಎಂಬ ಸ್ಟೀಮರು ಇಲ್ಲಿ ಬಂಡೆಗೆ ತಾಗಿ, ಭಾರ ಇಳಿಸಲೆಂದು 500 ಪೀಪಾಯಿ ಬಿಯರನ್ನು ಕಡಲಿಗೆ ಎಸೆಯಿತಂತೆ. ಅದು ತೇಲಿ ದಡ ಸೇರಿ, ರಸ್ತೆ ಕೆಲಸ ಎರಡು ವಾರ ನಿಂತಿತು ಎನ್ನುತ್ತಾರೆ.

ಟಾರ್ಕೀಯಿಂದ ಪಶ್ಚಿಮಕ್ಕೇ ಹೋಗಬೇಕು. ಅಪಾಸಲ್ಸ್ ಮೊದಲು ನೋಡಿಬಿಡೋಣ ಅಂತ ಒಳದಾರಿಯಿಂದ ಹೋಗಿ, ಕಡಲ ದಾರಿಯಲ್ಲಿ ವಾಪಸ್ ಬರುವುದಲ್ಲ. ನಮ್ಮ ದೇಶದ ಹಾಗೆ ಇಲ್ಲೂ ಎಡಗಡೆಯೇ ಓಡಿಸುವುದು. ಪಶ್ಚಿಮಕ್ಕೆ ಹೊರಟರೆ ಸಮುದ್ರ ಎಡಕ್ಕಿರುತ್ತದೆ, ನಿಲುಗಡೆಗಳಿಗೆ ಎದುರು ಬರುವ ವಾಹನಗಳನ್ನು ಅಡ್ಡ ಹಾಯದೆ ಸರ್ರನೆ ಒಳಗೆ ತಿರುಗಿಸಬಹುದು. ತಿರುವುಗಳಲ್ಲಿ ಹಿಂದೆ ಕಾರುಗಳು ಸಾಲುಗಟ್ಟಿದರೆ ನಿಧಾನ ಹೋಗುವವರಿಗೆಂದೇ ಮಾಡಿರುವ ಅಂಚಿಗೆ ಸರಿದು ದಾರಿ ಬಿಡಬೇಕು. ಬಾಡಿಗೆ ಕ್ಯಾಂಪರ್‌ವ್ಯಾನಿನಲ್ಲಿ ಬಂದ ನಮ್ಮವರು ಇದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಂಡು ಬಿಡದೇ ಹೋಗುವುದನ್ನು ನೋಡಿದ್ದೇನೆ.

ಇನ್ನು ಮಲಗುವ ಜಾಗ. ಕಡಲು ಕಂಡಲ್ಲಿ ಟೆಂಟು ಹೊಡೆಯಬಹುದು ಎಂಬ ಕಲ್ಪನೆಯನ್ನು ಮೊದಲೇ ಬಿಡಬೇಕು. ದಾರಿಯುದ್ದಕ್ಕೂ ನಿಲುಗಡೆಗಳಲ್ಲಿ ರಾತ್ರಿ ತಂಗಬಾರದೆಂಬ ಫಲಕಗಳಿವೆ, ತಪಾಸಣೆಯೂ ಉಂಟು. ಇರುವುದು ಎರಡು ಬಗೆ. ಲಾರ್ನ್, ಅಪೊಲೊ ಬೇ, ಪೋರ್ಟ್ ಕ್ಯಾಂಪ್‌ಬೆಲ್‌ನಂಥ ಊರುಗಳಲ್ಲಿ ಹಾಲಿಡೇ ಪಾರ್ಕುಗಳು: ಬಿಸಿನೀರು, ಕರೆಂಟು, ಎಲ್ಲರೂ ಸೇರಿ ಬಳಸುವ ಅಡುಗೆಮನೆ. ಇನ್ನೊಂದು, ಗ್ರೇಟ್ ಆಟ್‌ವೇ ನ್ಯಾಷನಲ್ ಪಾರ್ಕಿನೊಳಗೆ ಪಾರ್ಕ್ಸ್ ವಿಕ್ಟೋರಿಯಾ ನೋಡಿಕೊಳ್ಳುವ ಬ್ಲಾಂಕೆಟ್ ಬೇ, ಜೊಹಾನಾ ಬೀಚ್‌ನಂಥ ಕ್ಯಾಂಪುಗಳು. ಇಲ್ಲಿ ಗುಂಡಿ ಶೌಚಾಲಯ ಬಿಟ್ಟರೆ ಹೆಚ್ಚೇನೂ ಇಲ್ಲ. ಕುಡಿಯುವ ನೀರನ್ನೂ ಹೊತ್ತುಕೊಂಡೇ ಹೋಗಬೇಕು. ವಯಸ್ಸಾದವರು ಜೊತೆಗಿದ್ದರೆ ನನ್ನ ಲೆಕ್ಕ ಸರಳ: ಒಂದು ರಾತ್ರಿ ಕಾಡು, ಮರುರಾತ್ರಿ ಬಿಸಿನೀರು. ಎರಡು ರಾತ್ರಿ ಸ್ನಾನವಿಲ್ಲದೆ ಕಳೆದ ನಮ್ಮ ಅತ್ತೆಯವರ ಮುಖದ ಮುಂದೆ ಯಾವ ಕಡಲೂ ಚೆಂದ ಕಾಣುವುದಿಲ್ಲ.

ಡಿಸೆಂಬರ್ ಕೊನೆಯಿಂದ ಜನವರಿ ಪೂರ್ತಿ ಇಲ್ಲಿನ ಶಾಲೆಗಳಿಗೆ ರಜೆ. ಆಗ ಮತ್ತು ಈಸ್ಟರ್‌ಗೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡದಿದ್ದರೆ ಆಸೆ ಬಿಡುವುದೇ ಒಳ್ಳೆಯದು. 2024ರ ಡಿಸೆಂಬರಿನಿಂದ 2025ರ ಜೂನ್‌ವರೆಗೆ ವಿಕ್ಟೋರಿಯಾ ಸರ್ಕಾರ ಪಾರ್ಕುಗಳ ಕ್ಯಾಂಪುಗಳನ್ನು ಉಚಿತ ಮಾಡಿತ್ತು. ದುಡ್ಡಿಲ್ಲದ್ದಕ್ಕೆ ಜನ ಸುಮ್ಮನೆ ಬುಕ್ ಮಾಡಿ ಬಾರದೇ ಉಳಿದರು. ವೆಬ್‌ಸೈಟಿನಲ್ಲಿ ಭರ್ತಿ, ಹೋಗಿ ನೋಡಿದರೆ ಸೈಟುಗಳು ಖಾಲಿ. ಪುಕ್ಕಟೆ ಅಂದರೆ ಎಲ್ಲ ದೇಶದವರೂ ಒಂದೇ. ಇನ್ನೊಂದು ಮಾತು: ಬ್ಲಾಂಕೆಟ್ ಬೇಗೆ ಹೋಗುವುದು ಜಲ್ಲಿ ಹಾಸಿದ ಕಾಡುರಸ್ತೆ. ಟಾರಿಲ್ಲದ ರಸ್ತೆಗಿಳಿದರೆ ವಿಮೆ ಇಲ್ಲ ಎಂದು ಬಹಳಷ್ಟು ಬಾಡಿಗೆ ಕರಾರುಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕ್ಯಾಂಪ್ ಬುಕ್ ಮಾಡುವ ಮೊದಲೇ ಅದನ್ನು ಓದಿಕೊಳ್ಳಬೇಕು.

ಅಪೊಲೊ ಬೇ ದಾಟಿದ ಮೇಲೆ ರಸ್ತೆ ಕಡಲನ್ನು ಬಿಟ್ಟು ಆಟ್‌ವೇ ಕಾಡಿಗೆ ಹೊಗುತ್ತದೆ. ಆಳೆತ್ತರದ ಜರೀಗಿಡಗಳು, ತಲೆಯೆತ್ತಿದರೂ ತುದಿ ಕಾಣದ ನೀಲಗಿರಿ ಜಾತಿಯ ಮರಗಳು. "ಸಮುದ್ರ ಎಲ್ಲೋಯ್ತು?" ಅಂತ ಹಿಂದಿನ ಸೀಟಿನಿಂದ ಪ್ರಶ್ನೆ ಬರುವುದು ಇಲ್ಲೇ. ಪೆಟ್ರೋಲನ್ನು ಅಪೊಲೊ ಬೇಯಲ್ಲಿ ತುಂಬಿಸಿಕೊಂಡಿರಬೇಕು. ಮುಂದೆ ಬಂಕು ಕಡಿಮೆ, ಮೊಬೈಲ್ ಸಿಗ್ನಲ್ಲು ಇನ್ನೂ ಕಡಿಮೆ. ಬುಕಿಂಗ್ ಚೀಟಿ, ನಕ್ಷೆ ಎರಡನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳುತ್ತೇನೆ.

ಸಾಗರದ ಕಡೆಯ ನಮ್ಮ ಮಾವ ಬಂದಿದ್ದಾಗ ಒಂದು ನವೆಂಬರ್ ರಾತ್ರಿ ಕೇಪ್ ಆಟ್‌ವೇ ಹತ್ತಿರ ಮಲಗಿದ್ದೆವು. ಮಧ್ಯಾಹ್ನ ಅವರಿಗೆ ಮರದ ಕವಲಿನಲ್ಲಿ ಮುದುಡಿ ನಿದ್ದೆ ಹೊಡೆಯುತ್ತಿದ್ದ ಕೋಲಾ ತೋರಿಸಿದ್ದೆ. ದಿನಕ್ಕೆ ಇಪ್ಪತ್ತು ಗಂಟೆಯಷ್ಟು ನಿದ್ದೆ ಮಾಡುತ್ತದೆ ಅಂದಾಗ, "ಪುಣ್ಯವಂತ ಪ್ರಾಣಿ" ಅಂದಿದ್ದರು. ನಡುರಾತ್ರಿ ಟೆಂಟಿನ ಆ ಬದಿಯಿಂದ ಅವರ ದನಿ.

"ಏನಮ್ಮಾ, ಇಲ್ಲಿ ಕಾಡುಹಂದಿ ಓಡಾಡ್ತಾವಾ?"

"ಇಲ್ಲ ಮಾವ, ಅದು ಕೋಲಾ. ಮರದ ಮೇಲಿದೆ."

"ಮಧ್ಯಾಹ್ನ ತೋರಿಸಿದ್ಯಲ್ಲ, ಆ ಸೋಮಾರೀನಾ?"

ಅದೇ. ಬೆದೆಯ ಕಾಲದಲ್ಲಿ ಗಂಡು ಕೋಲಾ ಗೊರಗೊರ ಉಸಿರೆಳೆದು, ಹೊಟ್ಟೆಯಾಳದಿಂದ ಗುಟುರು ಹಾಕುತ್ತದೆ. ಅಷ್ಟು ಸಣ್ಣ ಮೈಯಿಂದ ಅಂಥ ಸದ್ದು ಬರುತ್ತದೆಂದು ಕೇಳುವವರೆಗೆ ನಂಬಿಕೆ ಬರುವುದಿಲ್ಲ. ಮಾವ ಟಾರ್ಚು ಹಿಡಿದು ಹೊರಗೆ ನಿಂತು ಅರ್ಧ ಗಂಟೆ ಕೇಳಿದರು. ಊರಿಗೆ ಹೋದ ಮೇಲೆ ಅವರು ಎಲ್ಲರಿಗೂ ಹೇಳಿದ್ದು ಅಪಾಸಲ್ಸ್ ಕಥೆಯನ್ನಲ್ಲ, ಇದನ್ನು. ಹಗಲು ಬಸ್ಸಿನಲ್ಲಿ ಬಂದು ಹೋದವರಿಗೆ ಮಲಗಿರುವ ಕೋಲಾ ಮಾತ್ರ ಸಿಗುತ್ತದೆ.

ಅಡುಗೆ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬೇಸಿಗೆಯಲ್ಲಿ ಯಾವ ದಿನ ಬೇಕಾದರೂ ಟೋಟಲ್ ಫೈರ್ ಬ್ಯಾನ್ ಹೇರಬಹುದು. ಆ ದಿನ ಸೌದೆ ಬೆಂಕಿಯ ಮಾತೇ ಇಲ್ಲ, ಗ್ಯಾಸ್ ಒಲೆಗೂ ನಿಯಮಗಳಿವೆ. ಇದು ಸರ್ಕಾರಿ ಕಿರಿಕಿರಿಯಲ್ಲ. 2015ರ ಕ್ರಿಸ್‌ಮಸ್ ದಿನ ಇದೇ ರಸ್ತೆಯ ವೈ ರಿವರ್ ಮತ್ತು ಸೆಪರೇಷನ್ ಕ್ರೀಕ್ ಊರುಗಳಲ್ಲಿ ಕಾಡ್ಗಿಚ್ಚಿಗೆ 116 ಮನೆಗಳು ಸುಟ್ಟುಹೋದವು. ಕ್ಯಾಟಸ್ಟ್ರಾಫಿಕ್ ಮಟ್ಟದ ಅಪಾಯ ಸಾರಿದ ದಿನ ಪಾರ್ಕುಗಳನ್ನೇ ಮುಚ್ಚುತ್ತಾರೆ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ವಿಕ್‌ಎಮರ್ಜೆನ್ಸಿ ಆ್ಯಪ್ ನೋಡುವುದು ಕಾಫಿಗಿಂತ ಮೊದಲ ಕೆಲಸ. ಡಬ್ಬಿಯಲ್ಲಿ ಒಲೆ ಹಚ್ಚದೆ ಎರಡು ಹೊತ್ತು ಕಳೆಯುವಷ್ಟು ಇರಲೇಬೇಕು. ತೆಳು ಅವಲಕ್ಕಿ, ಚಟ್ನಿಪುಡಿ, ಒಗ್ಗರಣೆಯ ಮಸಾಲೆಯನ್ನು ಮನೆಯಲ್ಲೇ ಹುರಿದು ಬಾಟಲಿಗೆ ಹಾಕಿಟ್ಟದ್ದು. ಅಲ್ಲಿ ಕಾಯಿ, ಈರುಳ್ಳಿ ಬೆರೆಸಿದರೆ ಕೈಯವಲಕ್ಕಿ ತಯಾರು. ಒಲೆ ಹಚ್ಚಲು ಅಡ್ಡಿಯಿಲ್ಲದ ದಿನ ಉಪ್ಪಿಟ್ಟು. ರಾತ್ರಿ ತಿಂಡಿ ಡಬ್ಬಿಗಳೆಲ್ಲ ಕಾರಿನೊಳಗೆ. ಹೊರಗೆ ಬಿಟ್ಟರೆ ಪಾಸಮ್‌ಗಳು ಮುಚ್ಚಳ ತೆಗೆಯುತ್ತವೆ.

ಜೊಹಾನಾದಲ್ಲಿ ಕಲಿಯಬೇಕಾದ್ದು ಗಾಳಿಯ ಪಾಠ. ಮರಳುದಿಬ್ಬಗಳ ಹಿಂದೆ ಹುಲ್ಲು ಹಾಸಿನ ಮೇಲೆ ಸೈಟುಗಳು, ಆ ಕಡೆ ದಕ್ಷಿಣ ಸಾಗರದ ಮೊರೆತ. ಸಂಜೆ ಹಾಯಾಗಿದ್ದ ಗಾಳಿ ರಾತ್ರಿ ನೈಋತ್ಯಕ್ಕೆ ತಿರುಗಿ ಜಗ್ಗಾಡುತ್ತದೆ. ಟೆಂಟಿನ ಜೊತೆ ಬರುವ ತೆಳು ಗೂಟಗಳು ಸಡಿಲ ನೆಲದಲ್ಲಿ ಹಿಡಿತ ಕೊಡುವುದಿಲ್ಲ. ಗೇಣುದ್ದಕ್ಕಿಂತ ಉದ್ದದ, ಅಗಲ ಎಲೆಯ ಮರಳುಗೂಟ ಬೇರೆಯೇ ಕೊಳ್ಳಬೇಕು. ಗೂಟವನ್ನು ಟೆಂಟಿನಿಂದ ಹೊರಕ್ಕೆ ವಾಲಿಸಿ ಹೊಡೆಯಬೇಕು, ಬಾಗಿಲು ನೈಋತ್ಯಕ್ಕೆ ಬೆನ್ನು ಹಾಕಿರಬೇಕು, ಕಾರನ್ನು ಗಾಳಿಗೆ ಅಡ್ಡ ನಿಲ್ಲಿಸಬೇಕು. ನಮ್ಮ ಪಕ್ಕದ ಸೈಟಿನ ಹುಡುಗರು ಬೆಳಗಿನ ಜಾವ ಪೊದೆಯಿಂದ ಟೆಂಟು ಬಿಡಿಸಿಕೊಳ್ಳುತ್ತಿದ್ದುದನ್ನು ನೋಡಿದವರಾರೂ ಗೂಟಕ್ಕೆ ಜುಗ್ಗತನ ಮಾಡುವುದಿಲ್ಲ. ಜನವರಿಯಲ್ಲೂ ಇಲ್ಲಿ ರಾತ್ರಿಗೆ ಸ್ವೆಟರ್ ಬೇಕು.

ಈ ಜೊಹಾನಾದ ನೀರಿಗೆ ಇಳಿಯುವುದು ಬೇಡ. ಅಲೆ ದೊಡ್ಡದು, ಸೆಳೆತ ಕೆಟ್ಟದು, ಕಾಯುವವರಿಲ್ಲ. ಮಕ್ಕಳಿಗೆ ನೀರಾಟ ಬೇಕಾದರೆ ಟಾರ್ಕೀ, ಲಾರ್ನ್‌ಗಳಲ್ಲಿ ಜೀವರಕ್ಷಕರು ಕೆಂಪು–ಹಳದಿ ಬಾವುಟ ನೆಟ್ಟಿರುತ್ತಾರೆ. ಆ ಎರಡು ಬಾವುಟಗಳ ನಡುವೆ ಮಾತ್ರ ಈಜಬೇಕು.

ಕೊನೆಯ ರಾತ್ರಿಗೆ ಪೋರ್ಟ್ ಕ್ಯಾಂಪ್‌ಬೆಲ್. ಅಲ್ಲಿಂದ ಅಪಾಸಲ್ಸ್ ಹತ್ತು ನಿಮಿಷದ ದಾರಿ, ಹಾಗಾಗಿ ಸಂಜೆಯೊಮ್ಮೆ ಬೆಳಿಗ್ಗೆಯೊಮ್ಮೆ ಹೋಗಬಹುದು. ಹೆಸರಲ್ಲಿ ಹನ್ನೆರಡಿದ್ದರೂ ಆ ಕಂಬಗಳು ಹನ್ನೆರಡು ಇರಲೇ ಇಲ್ಲ. 2005ರ ಜುಲೈನಲ್ಲಿ ಒಂದು ಕಣ್ಣೆದುರೇ ಕುಸಿದು ಕಲ್ಲುರಾಶಿಯಾಯಿತು. ಹತ್ತಿರದ ಲಂಡನ್ ಬ್ರಿಡ್ಜ್ ಬಂಡೆಯ ಒಂದು ಕಮಾನು 1990ರ ಜನವರಿಯಲ್ಲಿ ಬಿದ್ದಾಗ ತುದಿಯಲ್ಲಿ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಯಿತು.

ಹೊತ್ತಿದ್ದರೆ ನಾನು ಹೆಚ್ಚು ಕಾಲ ಕಳೆಯುವುದು ಲಾಕ್ ಆರ್ಡ್ ಕಮರಿಯಲ್ಲಿ. ಇಂಗ್ಲೆಂಡಿನಿಂದ ಮೂರು ತಿಂಗಳು ತೇಲಿ ಬಂದ ಲಾಕ್ ಆರ್ಡ್ ಹಡಗು ಮೆಲ್ಬರ್ನ್ ಇನ್ನೇನು ಸಿಕ್ಕಿತು ಅನ್ನುವಾಗ, 1878ರ ಜೂನ್ 1ರ ಬೆಳಗಿನ ಜಾವ, ಮಂಜಿನಲ್ಲಿ ಇಲ್ಲಿನ ಬಂಡೆಗೆ ಬಡಿಯಿತು. ಇದ್ದ 54 ಮಂದಿಯಲ್ಲಿ ಬದುಕಿದ್ದು ಇಬ್ಬರೇ: ಟಾಮ್ ಪಿಯರ್ಸ್ ಎಂಬ ಹರೆಯದ ಹಡಗುಗೆಲಸದ ಹುಡುಗ, ಇವಾ ಕಾರ್ಮೈಕಲ್ ಎಂಬ ಐರಿಷ್ ಹುಡುಗಿ. ಅವನು ಅವಳನ್ನು ನೀರಿನಿಂದ ಎಳೆದು ಗುಹೆ ಸೇರಿಸಿ, ಕಡಿದಾದ ಬಂಡೆ ಹತ್ತಿ ಜನರನ್ನು ಕರೆತಂದ. ಇಬ್ಬರಿಗೂ ಮದುವೆಯಾಗಲಿ ಎಂದು ಊರೆಲ್ಲ ಆಸೆಪಟ್ಟಿತು. ಅವಳು ಐರ್ಲೆಂಡಿಗೆ ಮರಳಿದಳು. ಈ ಕಥೆ ಹೇಳಿದಾಗ ನಮ್ಮ ಅತ್ತೆ, "ಜೀವ ಉಳಿಸಿದ್ದಕ್ಕೆ ಮದುವೆನೂ ಆಗಬೇಕಾ? ಒಳ್ಳೇದಾಯ್ತು ಬಿಡು" ಅಂದರು. ಆ ಹಡಗಿನಲ್ಲಿದ್ದ ಆಳೆತ್ತರದ ಪಿಂಗಾಣಿ ನವಿಲು ಪೆಟ್ಟಿಗೆ ಸಮೇತ ದಡಕ್ಕೆ ತೇಲಿಬಂದಿತ್ತು. ಅದೀಗ ವಾರ್ನಂಬೂಲ್‌ನ ಫ್ಲ್ಯಾಗ್‌ಸ್ಟಾಫ್ ಹಿಲ್ ಮ್ಯೂಸಿಯಂನಲ್ಲಿದೆ.

ಯಾವಾಗ ಬರಲಿ ಎಂದು ಕೇಳುವವರಿಗೆ ನಾನು ಹೇಳುವುದು ಫೆಬ್ರುವರಿ ಕೊನೆ ಅಥವಾ ಮಾರ್ಚ್. ಶಾಲೆಗಳು ಶುರುವಾಗಿ ಕ್ಯಾಂಪುಗಳು ಬಿಡುವಾಗಿರುತ್ತವೆ, ಬೆಳಕೂ ಸಾಕಷ್ಟು. ಆದರೆ ಊರಿನವರಿಗೆ ಮಕ್ಕಳ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಜನವರಿಯಲ್ಲಿ ಎಂಟೂಮುಕ್ಕಾಲಿಗೆ ಮುಳುಗುವ ಸೂರ್ಯ ಮೇ ಮಧ್ಯದಲ್ಲಿ ಐದೂಕಾಲರ ಸುಮಾರಿಗೇ ಮುಳುಗುತ್ತಾನೆ. ಆಗ ನಾಲ್ಕು ಗಂಟೆಗೆ ಕ್ಯಾಂಪ್ ಸೇರಬೇಕು: ಕತ್ತಲಲ್ಲಿ ಟೆಂಟು ಕಟ್ಟುವುದು ಕಷ್ಟ, ಮುಸ್ಸಂಜೆಗೆ ಕಾಂಗರೂಗಳು ರಸ್ತೆಗಿಳಿಯುತ್ತವೆ. ಮೇನಲ್ಲಿ ಬರುವ ನೆಂಟರಿಗೆ ಕಾಡಿನ ರಾತ್ರಿ ಒಂದೇ, ಉಳಿದವು ಹಾಲಿಡೇ ಪಾರ್ಕಿನ ಕ್ಯಾಬಿನ್ನಿನಲ್ಲಿ. ಜೂನ್‌ವರೆಗೆ ಉಳಿಯುವವರಿದ್ದರೆ ಇನ್ನೊಂದು ರಾತ್ರಿ ಸೇರಿಸಿ ವಾರ್ನಂಬೂಲ್‌ಗೂ ಹೋಗುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೋಗನ್ಸ್ ಬೀಚಿಗೆ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ವಾಪಸ್ ಬರುವಾಗ ಮಾತ್ರ ಕೊಲಾಕ್ ಮೇಲಿನ ಹೆದ್ದಾರಿ. ಆ ಮೂರು ಗಂಟೆಯಲ್ಲಿ ಕಾರಿನಲ್ಲಿ ನಾನೊಬ್ಬಳು ಬಿಟ್ಟು ಉಳಿದವರೆಲ್ಲ ನಿದ್ದೆ ಹೋಗಿರುತ್ತಾರೆ.