ಬೆಟ್ಟದ ಮೇಲಣ ನಗರ: ಮಾಚು ಪಿಚು

ದಕ್ಷಿಣ ಅಮೆರಿಕ ಖಂಡದ ಪಶ್ಚಿಮದ ಅಂಚಿನುದ್ದಕ್ಕೂ ಆಂಡೀಸ್ ಪರ್ವತಶ್ರೇಣಿಯು ಕೋಟೆಯ ಗೋಡೆಯಂತೆ ನಿಂತಿದೆ. ಈ ಶ್ರೇಣಿಯಲ್ಲಿ, ಪೆರು ದೇಶದ ಎರಡು ಶಿಖರಗಳ ನಡುವಣ ಕಿರಿದಾದ ಏಣಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ ಮಾಚು ಪಿಚು ಎಂಬ ಕಲ್ಲಿನ ನಗರವಿದೆ. ಅದರ ಮೂರು ಕಡೆಗಳಲ್ಲಿಯೂ ಕಡಿದಾದ ಕಣಿವೆ; ಕಣಿವೆಯ ತಳದಲ್ಲಿ ಭೋರ್ಗರೆಯುತ್ತ ಹರಿಯುವ ಉರುಬಂಬಾ ನದಿ. ಇಂತಹ ದುರ್ಗಮ ಸ್ಥಳದಲ್ಲಿ ನಗರವನ್ನು ಕಟ್ಟಿದವರು ಯಾರು? ಅದನ್ನು ತೊರೆದುದೇಕೆ?

ಇದನ್ನು ಕಟ್ಟಿದವರು ಇಂಕಾ ಜನರು. 15ನೆಯ ಶತಮಾನದಲ್ಲಿ ಪಚಾಕುತಿ ಎಂಬ ಅರಸನು ಕುಸ್ಕೊ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಇಂಕಾ ರಾಜ್ಯವನ್ನು ಸಾಮ್ರಾಜ್ಯವಾಗಿ ಬೆಳೆಸಿದನು. ಮಾಚು ಪಿಚು ಅವನ ವಿಶ್ರಾಂತಿಧಾಮವೂ ಪೂಜಾಸ್ಥಾನವೂ ಆಗಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ. ಅಲ್ಲಿ ದೊರೆತ ಅಸ್ಥಿಗಳ ಪರೀಕ್ಷೆಯ ಫಲಿತಾಂಶವು 2021ರಲ್ಲಿ ಪ್ರಕಟವಾಯಿತು. ಅದರಂತೆ ಸುಮಾರು 1420ರಿಂದ 1530ರವರೆಗೆ ಅಲ್ಲಿ ಜನವಸತಿಯಿತ್ತು.

ಇಂಕಾ ಜನರಿಗೆ ಕಬ್ಬಿಣದ ಉಪಕರಣಗಳು ತಿಳಿದಿರಲಿಲ್ಲ. ಚಕ್ರದ ಬಂಡಿಗಳೂ ಇರಲಿಲ್ಲ. ಲೆಕ್ಕಪತ್ರಗಳನ್ನು ಅವರು 'ಕಿಪು' ಎಂಬ ಗಂಟುಹಾಕಿದ ಹುರಿಗಳಲ್ಲಿ ಇಡುತ್ತಿದ್ದರು. ಆದರೂ ಬೆಣಚುಕಲ್ಲುಗಳನ್ನು ಗಟ್ಟಿಯಾದ ಬೇರೆ ಕಲ್ಲುಗಳಿಂದ ಕುಟ್ಟಿ, ಉಜ್ಜಿ, ಗಾರೆಯ ಸಹಾಯವಿಲ್ಲದೆಯೇ ಒಂದಕ್ಕೊಂದು ಬಿಗಿಯಾಗಿ ಕೂಡಿಸುವ ಕೌಶಲ ಅವರಿಗಿತ್ತು. ಸೂರ್ಯದೇವಾಲಯದ ಗೋಡೆ ಇದಕ್ಕೆ ಸಾಕ್ಷಿಯಾಗಿದೆ. ಗೋಡೆಗಳು ಕೊಂಚ ಒಳಮುಖವಾಗಿ ಬಾಗಿವೆ. ಬಾಗಿಲುಗಳು ಕೆಳಗೆ ಅಗಲವಾಗಿಯೂ ಮೇಲೆ ಕಿರಿದಾಗಿಯೂ ಇವೆ. ಭೂಕಂಪಗಳ ಆ ನಾಡಿನಲ್ಲಿ ಕಟ್ಟಡಗಳು ಉಳಿದುಬರಲು ಈ ರಚನೆಯು ನೆರವಾಯಿತು.

ನಗರದ ನಿಜವಾದ ಜಾಣ್ಮೆ ಇರುವುದು ಕಣ್ಣಿಗೆ ಕಾಣದ ಭಾಗದಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳುತ್ತದೆ. ಆ ನೀರು ಇಳಿದುಹೋಗದಿದ್ದರೆ ನಗರವೇ ಕಣಿವೆಗೆ ಕುಸಿಯುತ್ತಿತ್ತು. ಆದುದರಿಂದ ಇಳಿಜಾರನ್ನು ಮೆಟ್ಟಿಲುಗದ್ದೆಗಳಾಗಿ ಮಾರ್ಪಡಿಸಿ, ತಳದಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ ಮತ್ತು ಮರಳು, ಎಲ್ಲಕ್ಕಿಂತ ಮೇಲೆ ಫಲವತ್ತಾದ ಮಣ್ಣು ಹೀಗೆ ಪದರಪದರವಾಗಿ ತುಂಬಿದರು. ಮಳೆಯ ನೀರು ಸೋಸಿ ಕೆಳಗಿಳಿಯಿತು. ಮಣ್ಣು ಕೊಚ್ಚಿಹೋಗದೆ ಉಳಿಯಿತು. ಮೇಲೆ ಮೆಕ್ಕೆಜೋಳ ಬೆಳೆಯಿತು. ಬೆಟ್ಟದ ಒರತೆಯ ನೀರನ್ನು ಕಲ್ಲಿನ ಕಾಲುವೆಯ ಮೂಲಕ ಸುಮಾರು 750 ಮೀಟರ್ ದೂರ ತಂದು 16 ಕಾರಂಜಿಗಳಲ್ಲಿ ಇಳಿಯಬಿಟ್ಟರು.

ಇಷ್ಟು ಶ್ರಮದ ಈ ನಗರವು ನೂರು ವರ್ಷ ಬಾಳಿತೋ ಇಲ್ಲವೋ, ಸಾಮ್ರಾಜ್ಯವೇ ಕುಸಿಯಿತು. ಅರಸುಕುಮಾರರ ಅಂತಃಕಲಹದಿಂದ ನಾಡು ಬಳಲಿದ್ದಾಗ, 1532ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಪಿಜಾರೊ ಅಲ್ಪಸೇನೆಯೊಡನೆ ಬಂದು ಅರಸ ಅತಾಹುಆಲ್ಪನನ್ನು ಸೆರೆಹಿಡಿದನು. ಮರುವರ್ಷ ಅವನನ್ನು ಕೊಲ್ಲಿಸಿದನು. ಅರಸೊತ್ತಿಗೆಯ ಆಶ್ರಯವಿಲ್ಲದೆ ಮಾಚು ಪಿಚು ಬರಿದಾಯಿತು. ಕುಸ್ಕೊ ನಗರದ ದೇವಾಲಯಗಳನ್ನು ಕೆಡವಿದ ವಿಜೇತರು ಈ ನಗರಕ್ಕೆ ಕೈಹಚ್ಚಲಿಲ್ಲ. ಕಾಡು ಅದನ್ನು ಮುಚ್ಚಿ ಕಾಪಾಡಿತು.

1911ರ ಜುಲೈ 24ರಂದು ಅಮೆರಿಕದ ಪ್ರಾಧ್ಯಾಪಕ ಹೈರಮ್ ಬಿಂಗಮ್ ಈ ಸ್ಥಳವನ್ನು ತಲುಪಿ, ಮುಂದೆ ಅದನ್ನು ಜಗತ್ತಿಗೆ ಪರಿಚಯಿಸಿದನು. ಅವನು ನಗರವನ್ನು ಕಂಡುಹಿಡಿದನೆಂದು ಬಹುಕಾಲ ಹೇಳಲಾಗುತ್ತಿತ್ತು. ಆದರೆ ಅವನಿಗೆ ದಾರಿ ತೋರಿದವರು ಸ್ಥಳೀಯರೇ. ಅಲ್ಲಿನ ಮೆಟ್ಟಿಲುಗದ್ದೆಗಳಲ್ಲಿ ರೈತಕುಟುಂಬಗಳು ಆಗಲೂ ಬೇಸಾಯ ಮಾಡುತ್ತಿದ್ದವು. ಅಗುಸ್ಟಿನ್ ಲಿಜಾರಾಗ ಎಂಬ ಪೆರುವಿನ ರೈತನು 1902ರಲ್ಲಿಯೇ ಅಲ್ಲಿಗೆ ಬಂದು ಗೋಡೆಯ ಮೇಲೆ ತನ್ನ ಹೆಸರನ್ನು ಬರೆದಿದ್ದನು. ಹೊರಜಗತ್ತು ಅರಿಯದಿದ್ದ ಮಾತ್ರಕ್ಕೆ ಒಂದು ನಗರವು ಕಳೆದುಹೋಗಿತ್ತೆಂದು ಹೇಳುವುದು ಸರಿಯಲ್ಲ.

ಬಿಂಗಮ್ ಅಧ್ಯಯನಕ್ಕೆಂದು ಯೇಲ್ ವಿಶ್ವವಿದ್ಯಾಲಯಕ್ಕೆ ಕೊಂಡೊಯ್ದ ಸಾವಿರಾರು ವಸ್ತುಗಳನ್ನು ಹಿಂದಿರುಗಿಸಬೇಕೆಂದು ಪೆರು ದೇಶವು ಪಟ್ಟುಹಿಡಿಯಿತು. ಕೊನೆಗೆ 2011 ಮತ್ತು 2012ರಲ್ಲಿ ಅವು ತಾಯ್ನಾಡಿಗೆ ಮರಳಿದವು. 1983ರಲ್ಲಿ ಯುನೆಸ್ಕೊ ಸಂಸ್ಥೆಯು ಮಾಚು ಪಿಚುವನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ಮಳೆಗೂ ಭೂಕಂಪಕ್ಕೂ ಜಗ್ಗದ ಕಲ್ಲುಗಳನ್ನು ಇಂದು ಪ್ರವಾಸಿಗಳ ಪಾದಗಳು ಸವೆಸುತ್ತಿವೆ. ಆದುದರಿಂದ ದಿನಕ್ಕೆ ಇಷ್ಟೇ ಮಂದಿ ಬರಬೇಕೆಂಬ ಮಿತಿಯನ್ನು ಸರ್ಕಾರವು ವಿಧಿಸಿದೆ. ನೆಲದ ಸ್ವಭಾವವನ್ನರಿತು ಕಟ್ಟಿದವರ ವಿವೇಕವು, ಅದನ್ನು ನೋಡಬರುವವರಲ್ಲಿಯೂ ಇದ್ದರೆ ಮಾತ್ರ ಆ ನಗರವು ಮುಂದಿನ ಪೀಳಿಗೆಗೆ ಉಳಿದೀತು.