ಪ್ರಸಂಗಿಯ ಮಾತು, ಹಾವರ್ತಿನ ನೀರು

ಮಗೂ, ಲೀಡ್ಸು, ಮ್ಯಾಂಚೆಸ್ಟರು, ಬರ್ಮಿಂಗ್‌ಹ್ಯಾಮುಗಳಿಗೆ ಕೆಲಸಕ್ಕೆಂದು ಬಂದ ನಮ್ಮ ಹುಡುಗರು ಬದುಕುವುದನ್ನೇ ಮುಂದಕ್ಕೆ ಹಾಕುತ್ತಿದ್ದಾರೆ. ಐಎಲ್‌ಆರ್ ಎಂಬ ಕಾಯಂ ವಾಸದ ಪರವಾನಗಿ ಸಿಗಲಿ, ಮನೆ ಸಾಲ ಇಳಿಯಲಿ, ಕನ್ಸಲ್ಟೆಂಟ್ ಆಗಲಿ, ಆಮೇಲೆ ನೋಡೋಣ ಅನ್ನುತ್ತಾರೆ. ನೀನೂ ಆ ಸಾಲಿನಲ್ಲಿದ್ದೀಯ ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬೈಬಲಿನಲ್ಲಿ ‘ಪ್ರಸಂಗಿ’ ಅಂತ ಒಂದು ಪುಸ್ತಕವಿದೆ. ಹನ್ನೆರಡೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ. ಚರ್ಚಿಗೆ ಹೋಗುವವರೇ ಓದಬೇಕು ಅಂತೇನಿಲ್ಲ, ಕಗ್ಗ ಕೇಳಿ ಬೆಳೆದವರಿಗೆ ಆ ದನಿ ಪರಕೀಯವೂ ಅಲ್ಲ. ಮಾತಾಡುವವನು ಯೆರೂಸಲೇಮಿನ ಅರಸ. ಮನೆ, ತೋಟ, ಕೆರೆ ಎಲ್ಲ ಮಾಡಿಸಿದ, ಬೆಳ್ಳಿ ಬಂಗಾರ ಕೂಡಿಟ್ಟ, ಯಾವುದೂ ನಿಲ್ಲುವುದಿಲ್ಲ ಅಂದ. ಅಲ್ಲಿಗೇ ಪುಸ್ತಕ ಮುಚ್ಚಿದವರು ಅವನನ್ನು ನಿರಾಶಾವಾದಿ ಅಂತಾರೆ. ಒಂಬತ್ತನೇ ಅಧ್ಯಾಯದವರೆಗೆ ಹೋಗು. ಸತ್ತ ಮೇಲೆ ಕೆಲಸವಿಲ್ಲ, ಆದ್ದರಿಂದ ಈಗಲೇ ಸಂತೋಷದಿಂದ ಉಣ್ಣು, ನಿನ್ನವರ ಜೊತೆ ಇರು, ಎದುರಿಗಿರುವುದನ್ನು ಶಕ್ತಿಮೀರಿ ಮಾಡು ಎಂಬುದು ಅವನ ಲೆಕ್ಕಾಚಾರ.

ಇದನ್ನು ಬಾಳಿ ತೋರಿಸಿದವರೊಬ್ಬರು ನಿನ್ನ ಹತ್ತಿರದಲ್ಲೇ ಇದ್ದರು. ಲೀಡ್ಸಿನಿಂದ ರೈಲಿನಲ್ಲಿ ಕೀತ್ಲಿಗೆ ಹೋಗಿ ಬಸ್ಸು ಹಿಡಿದರೆ ಹಾವರ್ತ್, ಬ್ರಾಂಟೆ ಸೋದರಿಯರ ಊರು. ಕಾದಂಬರಿ ಓದಿದವರು ಅಲ್ಲಿ ಹೆಣ್ಣುಮಕ್ಕಳನ್ನು ಹುಡುಕುತ್ತಾರೆ, ನನಗೆ ಅಪ್ಪನೇ ದೊಡ್ಡವರಾಗಿ ಕಾಣುತ್ತಾರೆ. ಪ್ಯಾಟ್ರಿಕ್ ಬ್ರಾಂಟೆ 1820ರಲ್ಲಿ ಪಾದ್ರಿಯಾಗಿ ಬಂದರು. ಮರುವರ್ಷ ಹೆಂಡತಿ ಹೋದರು. 1825ರಲ್ಲಿ ಹಿರಿಯ ಹೆಣ್ಣುಮಕ್ಕಳಿಬ್ಬರು ಕ್ಷಯಕ್ಕೆ ತುತ್ತಾದರು, ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಹತ್ತು. 1848ರ ಸೆಪ್ಟೆಂಬರಿನಲ್ಲಿ ಮಗ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, 1849ರ ಮೇ ತಿಂಗಳಲ್ಲಿ ಆನ್. ಒಂಬತ್ತು ತಿಂಗಳಲ್ಲಿ ಮೂವರು! ಆಗ ಪ್ಯಾಟ್ರಿಕ್‌ಗೆ 72 ವರ್ಷ.

ಅದೇ 1849ರಲ್ಲಿ ಆ ಮುದುಕ ಲಂಡನ್ನಿನ ಆರೋಗ್ಯ ಮಂಡಳಿಗೆ ಅರ್ಜಿ ಬರೆದರು: ನಮ್ಮೂರಿನ ನೀರು, ಚರಂಡಿ ಬಂದು ನೋಡಿ ಅಂತ. ಮರುವರ್ಷ ತಪಾಸಣೆಗೆ ಬಂದವರು ಬೆಂಜಮಿನ್ ಬ್ಯಾಬೇಜ್, ಗಣಕಯಂತ್ರದ ಚಾರ್ಲ್ಸ್ ಬ್ಯಾಬೇಜರ ಮಗ. ಹಾವರ್ತಿನಲ್ಲಿ ಸಾಯುವವರ ಸರಾಸರಿ ವಯಸ್ಸು 26ನ್ನೂ ಮುಟ್ಟುವುದಿಲ್ಲ, ನೂರಕ್ಕೆ 41 ಮಕ್ಕಳು ಆರು ತುಂಬುವ ಮೊದಲೇ ಸಾಯುತ್ತಾರೆ ಎಂದು ಅವರ ವರದಿ ಹೇಳಿತು. ಆಂಗ್ಲಿಕನ್ ಶವಸಂಸ್ಕಾರದ ಪಾಠದಲ್ಲಿ 90ನೇ ಕೀರ್ತನೆಯಿದೆ, ಅದು ಮನುಷ್ಯನ ಆಯಸ್ಸನ್ನು ಎಪ್ಪತ್ತು, ಎಂಬತ್ತು ಎಂದು ಅಳೆಯುತ್ತದೆ. ಅದನ್ನು ಚಿಕ್ಕ ಚಿಕ್ಕ ಪೆಟ್ಟಿಗೆಗಳ ಮುಂದೆ ಓದಬೇಕಾದ ಪಾದ್ರಿ, ಎಲ್ಲ ದೇವರ ಇಚ್ಛೆ ಅಂತ ಕೈಕಟ್ಟಿ ಕೂರಬಹುದಿತ್ತು. ಕೂರಲಿಲ್ಲ. 1855ರಲ್ಲಿ ಉಳಿದಿದ್ದ ಒಬ್ಬಳೇ ಮಗಳು ಶಾರ್ಲಟ್ಟಳೂ ಹೋದಳು. ಅವರು 1861ರವರೆಗೆ ಬಾಳಿದರು, 84 ವರ್ಷ, ಕೊನೆಯವರೆಗೂ ಆ ಊರಿನ ಪಾದ್ರಿಯಾಗಿಯೇ.

ಬದುಕಿಗೆ ಅರ್ಥವೇನು ಅಂತ ನೀನು ನೈಟ್ ಡ್ಯೂಟಿ ಮುಗಿಸಿ ಬಂದು ಕೇಳುತ್ತೀಯ. ನಿದ್ದೆಗೆಟ್ಟ ತಲೆಗೆ ಪ್ರಸಂಗಿಯೂ ಉತ್ತರ ಕೊಡಲಾರ, ಮೊದಲು ಮಲಗು. ಎದ್ದ ಮೇಲೆ ಊರಿಗೆ ಫೋನು ಮಾಡು. ಅಪ್ಪ ಅಮ್ಮನ ವೀಸಾ ಅರ್ಜಿಯನ್ನು ಈ ವಾರವೇ ಹಾಕು, ಐಎಲ್‌ಆರ್‌ಗೆ ಕಾಯಬೇಡ. ಅವರಿಬ್ಬರಿಗೂ ಎಪ್ಪತ್ತು ದಾಟಿದೆ.