ಯಂತ್ರಕ್ಕೆ ಎಷ್ಟು, ಉಳಿದದ್ದಕ್ಕೆ ಎಷ್ಟು

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಹಳೆಯ ನಾಣ್ಯ, ಬಕಲ್ಲು, ಸೀಸದ ಗುಂಡುಗಳನ್ನು ಹುಡುಕುವ ಹವ್ಯಾಸಕ್ಕೆ ಇಳಿಯುವವರು ಮೊದಲು ಕೊಳ್ಳುವುದು ಮೆಟಲ್ ಡಿಟೆಕ್ಟರ್. ಹಣ ಹೆಚ್ಚು ಪೋಲಾಗುವುದೂ ಅದರ ಮೇಲೆಯೇ. ಗ್ಯಾರೆಟ್ ಏಸ್, ನೋಕ್ಟಾ ಸಿಂಪ್ಲೆಕ್ಸ್, ಮೈನ್‌ಲ್ಯಾಬ್ ವ್ಯಾಂಕ್ವಿಷ್ ಸಾಲಿನ ಯಂತ್ರಗಳು ಸುಮಾರು 150ರಿಂದ 350 ಪೌಂಡ್‌ಗಳ ಆಸುಪಾಸಿನಲ್ಲಿ ಸಿಗುತ್ತವೆ. ಈಕ್ವಿನಾಕ್ಸ್, ಡಿಯುಸ್ ಮುಂತಾದ ಮೇಲಿನ ಸಾಲಿಗೆ ಕೈಹಾಕಿದರೆ ಬೆಲೆ ಸಾವಿರದ ಹತ್ತಿರ ಹೋಗುತ್ತದೆ, ಕೆಲವು ಅದನ್ನೂ ದಾಟುತ್ತವೆ.

ಆರಂಭಿಕರ ಯಂತ್ರಗಳ ನಡುವಿನ ಆಯ್ಕೆ ಹೆಚ್ಚು ತಲೆಕೆಡಿಸಿಕೊಳ್ಳುವಂಥದ್ದಲ್ಲ. ಏಸ್ 250 ದುಡಿಯುವುದು 6.5 ಕಿಲೋಹರ್ಟ್ಸ್‌ನಲ್ಲಿ, ಸಿಂಪ್ಲೆಕ್ಸ್ ಪ್ಲಸ್ 12ರಲ್ಲಿ. ಕಡಿಮೆ ಆವರ್ತನ ದಪ್ಪ ಬೆಳ್ಳಿ, ತಾಮ್ರಕ್ಕೆ ಒಗ್ಗುತ್ತದೆ. ತೆಳುವಾದ ಚಿಕ್ಕ ಲೋಹಕ್ಕೆ ಹೆಚ್ಚಿನದು ಬೇಕು. 13ನೇ ಶತಮಾನದವರೆಗೆ ಇಂಗ್ಲೆಂಡಿನಲ್ಲಿ ಬೆಳ್ಳಿ ಪೆನ್ನಿಯನ್ನೇ ಕತ್ತರಿಸಿ ಅರ್ಧ, ಕಾಲು ಮಾಡಿ ಚಿಲ್ಲರೆಯಾಗಿ ಬಳಸುತ್ತಿದ್ದರು. ಅಂಥ ಕಾಲು ತುಂಡನ್ನು ಹಿಡಿಯಲು 12 ಕಿಲೋಹರ್ಟ್ಸ್ ಉತ್ತಮ. ಒದ್ದೆ ಉಪ್ಪುಮರಳಿನ ಕಡಲತೀರದಲ್ಲಿ ಹುಡುಕುವವರಿಗೆ ಮಾತ್ರ ಹಲವು ಆವರ್ತನಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ವ್ಯಾಂಕ್ವಿಷ್ ತರಹದ ಯಂತ್ರ ಅಗತ್ಯ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ, ಲೋಹಗಳನ್ನು ವಿಂಗಡಿಸಿ ಬೇಡದ್ದರ ಸದ್ದನ್ನು ಅಡಗಿಸುವ ಡಿಸ್ಕ್ರಿಮಿನೇಷನ್ ಸೌಲಭ್ಯಕ್ಕೆ ಹೆಚ್ಚುವರಿ ಹಣ ಕೊಡುವ ಅಗತ್ಯವಿಲ್ಲ. ಪರದೆಯ ಅಂಕಿ ಲೋಹದ ಹೆಸರು ಹೇಳುವುದಿಲ್ಲ, ಅದರ ವಾಹಕತೆ ಮತ್ತು ಗಾತ್ರದ ಒಟ್ಟು ಪರಿಣಾಮವನ್ನು ಹೇಳುತ್ತದೆ. ತಂಪು ಪಾನೀಯದ ಡಬ್ಬಿಯ ಕಿವಿಯೂ ಚಿನ್ನದ ಉಂಗುರವೂ ಒಂದೇ ಅಂಕಿ ತೋರಿಸಬಲ್ಲವು. ಕಸದ ಸದ್ದು ಬೇಡವೆಂದು ಆ ವಲಯವನ್ನೇ ಮುಚ್ಚಿದವರು ಉಂಗುರದ ಮೇಲೂ ನಡೆದು ಹೋಗುತ್ತಾರೆ. ಕಬ್ಬಿಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಗೆಯಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ದುಬಾರಿ ತಪ್ಪು ನಡೆಯುವುದು ಬಜೆಟ್ ಹಂಚುವಾಗ. ಕೈಯಲ್ಲಿ ಸಾವಿರ ಪೌಂಡ್ ಇರುವವರು ಒಂಬೈನೂರನ್ನು ಯಂತ್ರಕ್ಕೇ ಸುರಿಯುತ್ತಾರೆ. ಉಳಿದ ನೂರು ಸನಿಕೆ, ಬೂಟು, ಪೆಟ್ರೋಲಿಗೆ ಹೋಗಿ, ಪಿನ್‌ಪಾಯಿಂಟರ್ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಅಗೆದ ಮಣ್ಣಿನೊಳಗೆ ಲೋಹ ಎಲ್ಲಿದೆಯೆಂದು ತೋರಿಸುವ ಆ ಕೈಕಡ್ಡಿಗೆ ಸುಮಾರು ನೂರು ಪೌಂಡ್. ಅದನ್ನು ಬಿಟ್ಟು ಹೊರಟರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ಒಂದು ಸರದಿ ನಾಲ್ಕು ಗಂಟೆ, ಅಂದರೆ 240 ನಿಮಿಷ. ಒಂದು ಸದ್ದಿನಿಂದ ಇನ್ನೊಂದಕ್ಕೆ ನಡೆಯಲು 3 ನಿಮಿಷ ಹಿಡಿಯಲಿ. ಪಿನ್‌ಪಾಯಿಂಟರ್ ಇಲ್ಲದೆ ಮಣ್ಣು ಕೆದಕಿ, ಹೆಂಟೆ ಒಡೆದು ವಸ್ತು ಹುಡುಕಲು 7 ನಿಮಿಷ ಎಂದಿಟ್ಟುಕೊಂಡರೆ ಒಂದು ಗುಂಡಿಗೆ 10 ನಿಮಿಷ. ದಿನಕ್ಕೆ 24 ಗುಂಡಿ. ಪಿನ್‌ಪಾಯಿಂಟರ್ ಇದ್ದು ಅಗೆತ 3 ನಿಮಿಷಕ್ಕೆ ಇಳಿದರೆ ಗುಂಡಿಗೆ 6 ನಿಮಿಷ, ದಿನಕ್ಕೆ 40. ಈಗ ದುಬಾರಿ ಯಂತ್ರ ಶೇಕಡಾ 20ರಷ್ಟು ಹೆಚ್ಚು ಸದ್ದು ಹಿಡಿಯುತ್ತದೆಂದು ಉದಾರವಾಗಿ ಒಪ್ಪಿಕೊಳ್ಳೋಣ. ನಡಿಗೆ 3ರಿಂದ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ, ಅಗೆತದ 7 ನಿಮಿಷ ಹಾಗೇ ಉಳಿಯುತ್ತದೆ. 240ನ್ನು ಒಂಬತ್ತೂವರೆಯಿಂದ ಭಾಗಿಸಿದರೆ 25. ಅಂದರೆ ಆರಂಭಿಕರ ಯಂತ್ರಕ್ಕಿಂತ ಹೆಚ್ಚುವರಿಯಾಗಿ ಕೊಟ್ಟ ಸುಮಾರು ಆರುನೂರು ಪೌಂಡಿಗೆ ದಿನಕ್ಕೆ ಒಂದು ಗುಂಡಿ, ಪಿನ್‌ಪಾಯಿಂಟರಿನ ನೂರು ಪೌಂಡಿಗೆ ಹದಿನಾರು. ನಿಮಿಷಗಳನ್ನು ಅವರವರ ವೇಗಕ್ಕೆ ತಕ್ಕಂತೆ ಬದಲಿಸಿಕೊಂಡರೂ ಅಗೆತದ ಹೊತ್ತೇ ದೊಡ್ಡದಾಗಿರುವವರೆಗೆ ತಕ್ಕಡಿ ಪಿನ್‌ಪಾಯಿಂಟರಿನತ್ತಲೇ ವಾಲುತ್ತದೆ. ದುಬಾರಿ ಯಂತ್ರ ಹೆಚ್ಚು ಆಳದ ಲೋಹವನ್ನು ಹಿಡಿಯುತ್ತದೆಂಬ ವಾದಕ್ಕೆ ಬೆಲೆಯಿಲ್ಲವೆಂದಲ್ಲ. ಎಂದೂ ಉಳದ ಹುಲ್ಲುಗಾವಲಿನಲ್ಲಿ ಹಳೆಯದು ಕೆಳಗಿರುತ್ತದೆ. ಉತ್ತ ಹೊಲದಲ್ಲಾದರೆ ನೇಗಿಲು ಮಣ್ಣನ್ನು ಕಲಸಿ ಬಹಳಷ್ಟನ್ನು ಮೇಲಕ್ಕೆ ತಂದಿರುತ್ತದೆ.

ಇನ್ನು ಲಾಂಗ್ ರೇಂಜ್ ಲೊಕೇಟರ್ ಎಂಬ ಸರಕು. ಪಿಸ್ತೂಲಿನ ಹಿಡಿಕೆ, ಮುಂದೆ ಒಂದೆರಡು ಆಂಟೆನಾ, ನೂರಾರು ಮೀಟರ್ ದೂರದ ಚಿನ್ನವನ್ನು ತೋರಿಸುವ ಭರವಸೆ. ಮೆಟಲ್ ಡಿಟೆಕ್ಟರಿನ ಕಾಯಿಲ್ ಕಳಿಸುವ ಕಾಂತಕ್ಷೇತ್ರವೇ ಕೆಲವೇ ಗೇಣುಗಳಲ್ಲಿ ಕ್ಷೀಣಿಸುತ್ತದೆ. ನೂರು ಮೀಟರ್ ಆಚೆಯ ನಾಣ್ಯವನ್ನು ಈ ಲೊಕೇಟರ್ ಹಿಡಿಯುವುದು ಹೇಗೆಂದು ಮಾರುವವರು ವಿವರಿಸುವುದಿಲ್ಲ. ಇದೇ ಬಗೆಯ ಎಡಿಇ 651 ಎಂಬ ಸಾಧನವನ್ನು ಬಾಂಬ್ ಪತ್ತೆಯ ಯಂತ್ರವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ ಲಂಡನ್ ನ್ಯಾಯಾಲಯ 2013ರಲ್ಲಿ ಹತ್ತು ವರ್ಷ ಶಿಕ್ಷೆ ವಿಧಿಸಿತು. ಅದರ ಮೂಲ ಇಪ್ಪತ್ತು ಡಾಲರಿನ ಗಾಲ್ಫ್ ಚೆಂಡು ಹುಡುಕುವ ಆಟಿಕೆ. ಇಷ್ಟಾದ ಮೇಲೂ ಅಂಥದ್ದಕ್ಕೆ ದುಡ್ಡು ಕೊಡುವವರಿಗೆ ಹೋಲಿಕೆಯ ಪಟ್ಟಿ ಬೇಕಾಗಿಲ್ಲ.

ಯಂತ್ರಕ್ಕಿಂತ ದೊಡ್ಡ ಬಂಡವಾಳ ಜಮೀನಿನ ಮಾಲೀಕನ ಅನುಮತಿ, ಅದೂ ಲಿಖಿತವಾಗಿ, ಪಾಲಿನ ಮಾತು ಸೇರಿಸಿ. 2009ರ ಜುಲೈನಲ್ಲಿ ಸ್ಟ್ಯಾಫರ್ಡ್‌ಶೈರಿನ ಹೊಲವೊಂದರಲ್ಲಿ ಟೆರಿ ಹರ್ಬರ್ಟ್ ಪತ್ತೆಹಚ್ಚಿದ ಆಂಗ್ಲೋ-ಸ್ಯಾಕ್ಸನ್ ನಿಧಿಗೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಲಾಯಿತು. ಹಣ ಅವನಿಗೂ ಹೊಲದ ಮಾಲೀಕನಿಗೂ ಹಂಚಿಕೆಯಾಯಿತು. ಅವನ ಕೈಯಲ್ಲಿದ್ದದ್ದು 14 ವರ್ಷ ಹಳೆಯ ಡಿಟೆಕ್ಟರ್. ಅಂಥ ನಿಧಿಯನ್ನು ನಿರೀಕ್ಷಿಸಿ ಬಜೆಟ್ ಹಾಕುವುದು ಲಾಟರಿ ನಂಬಿ ಸಾಲ ಮಾಡಿದ ಹಾಗೆ. 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿ ಎನ್ನಬಹುದಾದ ವಸ್ತುವನ್ನು 14 ದಿನಗಳೊಳಗೆ ಕೊರೋನರ್ ಎಂಬ ಅಧಿಕಾರಿಗೆ ವರದಿ ಮಾಡಬೇಕು. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಪರವಾನಗಿಯಿಲ್ಲದೆ ಡಿಟೆಕ್ಟರ್ ಆಡಿಸುವುದೇ ಅಪರಾಧ. ಸ್ಕಾಟ್ಲೆಂಡಿನ ನಿಯಮವೇ ಬೇರೆ. ಮೆಟಲ್ ಡಿಟೆಕ್ಟಿಂಗ್ ರಾಷ್ಟ್ರೀಯ ಮಂಡಳಿಯ ಸದಸ್ಯತ್ವದೊಂದಿಗೆ ಬರುವ ಹೊಣೆಗಾರಿಕೆ ವಿಮೆಯನ್ನು ಮೊದಲ ವೆಚ್ಚಗಳಲ್ಲೇ ಸೇರಿಸಿಕೊಳ್ಳಬೇಕು. ಅದನ್ನು ತೋರಿಸದೆ ಅನೇಕ ರೈತರು ಗೇಟು ತೆರೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರು ರಜೆಗೆ ಭಾರತಕ್ಕೆ ಬರುವಾಗ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವುದು ಬೇಡ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯೇ ಹತ್ತು ರೂಪಾಯಿ ಬೆಲೆ ಮೀರಿದ ಹೂತ ವಸ್ತು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆನ್ನುತ್ತದೆ. ಹಳೆಯ ಗುಡಿ, ಕೋಟೆಗಳ ಸುತ್ತ ಯಂತ್ರ ಹಿಡಿದು ಓಡಾಡಿದವರನ್ನು ಹವ್ಯಾಸಿಗಳೆಂದು ಇಲ್ಲಿ ಯಾರೂ ನಂಬುವುದಿಲ್ಲ.

ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವುದಾದರೆ ನಕಲಿಗಳ ಎಚ್ಚರ ಬೇಕು. ಹೆಸರಾಂತ ಬ್ರ್ಯಾಂಡ್‌ಗಳಿಗೆ ನಕಲಿಗಳಿವೆ. ಸೀರಿಯಲ್ ಸಂಖ್ಯೆಯನ್ನು ತಯಾರಕರಲ್ಲಿ ಪರಿಶೀಲಿಸಿ, ಮಾರುವವರ ಎದುರೇ ಕಾಯಿಲಿನ ತಂತಿಯನ್ನು ಅಲುಗಾಡಿಸಿ ಸುಳ್ಳು ಸದ್ದು ಬರುತ್ತದೆಯೇ ನೋಡಿ, ನೆಲಕ್ಕೆ ನಾಣ್ಯವೊಂದನ್ನು ಹಾಕಿ ಎರಡೂ ದಿಕ್ಕಿನಿಂದ ಬೀಸಿದಾಗ ಒಂದೇ ಅಂಕಿ ಬಂದರೆ ಹಣ ಕೊಡಬಹುದು.